ಚೀಲವಿದ್ದವನ ಪಾಡು

ಎಲ್ಲಕ್ಕೂ ಕಾರಣ ಒಂದು ಇಲಿ. ಬೇಸಿಗೆಯಿಡೀ ಲಾಯ್ಡ್ ಟ್ವೆಟನ್‌ನ ಗ್ಯಾರೇಜಿನಲ್ಲಿ ಸಂಸಾರ ಹೂಡಿದ್ದ ಆ ಇಲಿ, ಗೋಡೆಗೆ ನೇತುಹಾಕಿದ್ದ ಅವನ ಹಳೆಯ ಬೇಟೆಚೀಲದ ಹೆಗಲಪಟ್ಟಿಯನ್ನು ಹೊರಗಿನಿಂದ ಕಾಣದ ಹಾಗೆ ಒಳಗಿನಿಂದಲೇ ಹದವಾಗಿ ಕಡಿದಿಟ್ಟಿತ್ತು. ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯ ಹಂಗಾಮಿನ ಮೊದಲ ದಿನ, ಇನ್ನೂ ಬೆಳಕು ಹರಿಯುವ ಮುಂಚೆ, ಲಾಯ್ಡ್ ಆ ಚೀಲವನ್ನು ಬೆನ್ನಿಗೇರಿಸಿದ್ದೇ ತಡ, ಪಟ್ಟಿ ಪಟಕ್ಕನೆ ಹರಿದು ಚಾಕು, ಹಗ್ಗ, ಬುತ್ತಿ, ಕಾಫಿ ತುಂಬಿದ ಫ್ಲಾಸ್ಕು ಸಮೇತ ಚೀಲವಿಡೀ ಅವನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು.

ಮನೆಯಲ್ಲಿ ಅಯ್ಯೋ ಪಾಪ ಎನ್ನುವವರೂ ಇರಲಿಲ್ಲ. ಹೆಂಡತಿ ಮಾರ್ಲಿಸ್, ಸೇಬಿನ ಮುರಬ್ಬ ಹಾಕಲು ತಾಯಿಗೆ ಕೈಜೋಡಿಸುತ್ತೇನೆಂದು ಹಿಂದಿನ ಸಂಜೆಯೇ ತವರಿಗೆ ಹೋಗಿದ್ದಳು. ತವರೆಂದರೆ ಎರಡು ಬೀದಿಯಾಚೆ. ಲಾಯ್ಡ್ ಒಂಟಿಕಾಲಿನಲ್ಲಿ ಗ್ಯಾರೇಜನ್ನು ಒಂದು ಸುತ್ತು ಕುಣಿದು, ಇಲಿಯ ವಂಶವನ್ನೆಲ್ಲ ನೆನೆದು, ಗಾಡಿ ಹತ್ತಿದ.

ಈ ಸಲ ಅವನು ಬರಿಗೈಯಲ್ಲಿ ಮರಳುವಂತಿರಲಿಲ್ಲ. ಹೋದ ವರ್ಷ ಎಲ್ಕ್ ಸಿಗಲಿಲ್ಲ, ಅದರ ಹಿಂದಿನ ವರ್ಷವೂ ಸಿಗಲಿಲ್ಲ. ಮೊಂಟಾನಾದ ಕೋಲ್ಡ್ ಫೋರ್ಕ್‌ನಂಥ ಊರಿನಲ್ಲಿ ಚಳಿಗಾಲಕ್ಕೆ ಅಂಗಡಿಯಿಂದ ದನದ ಮಾಂಸ ತಂದು ತಿನ್ನುವುದೆಂದರೆ, ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡು ಪಕ್ಕದ ಮನೆಗೆ ಮಜ್ಜಿಗೆಗೆ ಹೋದ ಹಾಗೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ಅನ್ನುವವರು ಒಬ್ಬರೇ, ಅತ್ತೆ ಇರ್ಮಾ. ಪ್ರತಿ ಭಾನುವಾರದ ಊಟಕ್ಕೆ ಬಂದು, ತಟ್ಟೆಯಲ್ಲಿದ್ದ ತುಂಡನ್ನು ಫೋರ್ಕಿನಿಂದ ತಿರುಗಿಸಿ ನೋಡಿ ಕೇಳುವರು: "ಈ ದನ ತುಂಬಾ ಜೋರಾಗಿ ಓಡ್ತಿತ್ತಾ ಅಳಿಯಾ? ಹೊಡೆಯೋಕೆ ಕಷ್ಟ ಆಯ್ತಾ?"

ಲಾಯ್ಡ್ ಕೆಟ್ಟ ಬೇಟೆಗಾರನೇನೂ ಅಲ್ಲ. ಗುರಿ ಇತ್ತು, ತಾಳ್ಮೆಯಿತ್ತು. ಇಲ್ಲದ್ದು ಒಂದೇ, 'ಆಗುವುದಿಲ್ಲ' ಎನ್ನುವ ನಾಲಿಗೆ. ಶಾಲೆಯ ಬಸ್ಸು ಓಡಿಸುವವನು ಅವನು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವನ ಬಸ್ಸಿನಲ್ಲಿ ಕೂತವರು. ಹಾಗಾಗಿ ಲಾಯ್ಡ್ ಎಂದರೆ ಏನನ್ನಾದರೂ ಎಲ್ಲಿಂದಲೋ ಎಲ್ಲಿಗೋ ಮುಟ್ಟಿಸುವವನು ಎಂಬ ಭಾವನೆ ಊರಿನವರ ರಕ್ತದಲ್ಲೇ ಸೇರಿಹೋಗಿತ್ತು.

ರೊವೀನಾ ಕ್ಲಾಪ್‌ಳ ಅಂಗಡಿ ಹಂಗಾಮಿನ ಮೊದಲ ದಿನ ಕೋಳಿ ಕೂಗುವ ಮೊದಲೇ ತೆರೆದಿರುತ್ತದೆ. ಮೊಳೆ, ಕುದುರೆ ಮೇವು, ತೋಟಾ, ಉಣ್ಣೆಯ ಕಾಲುಚೀಲ, ಎಲ್ಲ ಅಲ್ಲಿ ಸಿಗುತ್ತದೆ. ಕಾಫಿ ಪುಕ್ಕಟೆ. ಪುಕ್ಕಟೆ ಕಾಫಿಯ ಪಕ್ಕದಲ್ಲಿ ಲಾಯ್ಡ್‌ನ ನೆರೆಮನೆಯ ಗಸ್ ಬಾಬಿಚ್ ನಿಂತಿದ್ದ. ಅವನ ಪಕ್ಕದಲ್ಲಿ ಚರ್ಚಿನ ಪಾಸ್ಟರ್ ಎಂಗೆನ್. ಪಾಸ್ಟರ್ ಕಿತ್ತಳೆ ಬಣ್ಣದ ಬೇಟೆಯಂಗಿ ತೊಟ್ಟು ಹಣ್ಣಾದ ಕುಂಬಳಕಾಯಿಯಂತೆ ಹೊಳೆಯುತ್ತಿದ್ದರು.

"ಒಂದು ಚೀಲ ಬೇಕಿತ್ತು ರೊವೀನಾ. ಭಾರ ತಡೆಯೋವಂಥದ್ದು," ಎಂದ ಲಾಯ್ಡ್.

ಮುದುಕಿ ರೊವೀನಾ ಅವನನ್ನು ಕೊಳ್ಳುವ ಕುದುರೆಯನ್ನು ನೋಡುವಂತೆ ನೋಡಿ, "ತಿರುಗು," ಎಂದಳು. ಕುತ್ತಿಗೆಯ ಬುಡದ ಎಲುಬಿನಿಂದ ಸೊಂಟದ ಎಲುಬಿನವರೆಗೆ ಟೇಪು ಹಿಡಿದಳು. "ನಿನ್ನ ಎತ್ತರ ನೋಡಿ ಚೀಲ ಕೊಟ್ಟಿದ್ರೆ ನಾಳೆ ನನಗೆ ಶಾಪ ಹಾಕ್ತಿದ್ದೆ ಕಣೋ. ಎತ್ತರ ಎಲ್ಲಾ ಕಾಲಲ್ಲೇ ಇದೆ ನಿನಗೆ. ಬೆನ್ನು ನೋಡಿದ್ರೆ ಕೋಳಿಮರಿದು."

"ನಾನು ಆಗ್ಲೇ ಅಂದ್ಕೊಂಡೆ," ಎಂದ ಗಸ್.

ರೊವೀನಾ ಎರಡು ಚೀಲ ತಂದಿಟ್ಟಳು. "ಇದು ಹಗುರ, ನೋಡೋಕೂ ಚೆಂದ. ಎಲ್ಕಿನ ಒಂದು ತೊಡೆ ಏರಿಸಿದ್ರೆ ಹುರುಳಿಕಾಯಿ ಹಾಗೆ ಬಾಗುತ್ತೆ. ಇದು ಇನ್ನೊಂದು. ಖಾಲಿ ಇದ್ದಾಗ್ಲೇ ಭಾರ, ಯಾಕಂದ್ರೆ ಚೌಕಟ್ಟು ಗಟ್ಟಿ. ಆದ್ರೆ ತುಂಬಿದ ಮೇಲೆ ಭಾರ ಅನ್ಸಲ್ಲ. ನಿನಗೆ ಯಾವುದು?"

ಲಾಯ್ಡ್‌ನ ಕೈ ಚೆಂದದ್ದರ ಕಡೆಗೆ ಹೋಯಿತು.

"ದೊಡ್ಡದು ತಗೋ," ಎಂದ ಗಸ್.

"ದೊಡ್ಡದೇ ಒಳ್ಳೇದು ಲಾಯ್ಡ್," ಎಂದರು ಪಾಸ್ಟರ್. "ಭಾರ ಹೊರೋನಿಗೆ ದೇವರು ಹತ್ತಿರ ಇರ್ತಾನೆ."

ರೊವೀನಾ ದೊಡ್ಡ ಚೀಲದೊಳಗೆ ದನ ನೆಕ್ಕಲು ಇಡುವ ಉಪ್ಪಿನ ಗಟ್ಟಿಗಳನ್ನು ಒಂದೊಂದಾಗಿ ಇಳಿಸಿದಳು. ಮಾಂಸವಾದರೆ ಚೀಲಕ್ಕೂ ಚೌಕಟ್ಟಿಗೂ ನಡುವೆ, ಬೆನ್ನಿಗೆ ಅಂಟಿದ ಹಾಗೆ, ಸ್ವಲ್ಪ ಮೇಲಕ್ಕೆ ಕೂರಬೇಕು, ದೂರ ಹೋದಷ್ಟೂ ಹಿಂದಕ್ಕೆ ಎಳೆಯುತ್ತೆ ಎಂದು ತೋರಿಸಿದಳು. ಆಮೇಲೆ ಅವನ ಬೆನ್ನಿಗೆ ಏರಿಸಿದಳು. "ಮೊದಲು ಸೊಂಟದ ಪಟ್ಟಿ ಬಿಗಿ. ಹೊಟ್ಟೆ ಮೇಲಲ್ಲ, ಎಲುಬಿನ ಮೇಲೆ. ಹೊರೋದು ಸೊಂಟ, ಹೆಗಲು ಬರೀ ಹಿಡ್ಕೊಳ್ಳೋದು. ಈಗ ಹೆಗಲಪಟ್ಟಿ. ಈಗ ಈ ಮೇಲಿನ ಸಣ್ಣದು ಎಳಿ."

ಹೇಳಿದ್ದು ಲಾಯ್ಡ್‌ಗೆ, ಎಳೆದದ್ದು ಮಿಕ್ಕವರು. ಎಡಗಡೆಯ ಪಟ್ಟಿಯನ್ನು ಪಾಸ್ಟರ್ ಹಿಡಿದರೆ ಬಲಗಡೆಯದನ್ನು ಗಸ್ ಹಿಡಿದ. ಒಬ್ಬರು ಬಿಗಿ ಎಂದರೆ ಇನ್ನೊಬ್ಬರು ಸಡಿಲ ಎಂದರು. ನಡುವೆ ಲಾಯ್ಡ್ ಹಸೆಮಣೆಗೆ ಹೊರಟ ಮದುಮಗಳಂತೆ ತಲೆ ತಗ್ಗಿಸಿ ನಿಂತಿದ್ದ. ಆದರೆ ಕೊನೆಯ ಪಟ್ಟಿ ಬಿಗಿದಾಗ ಆಶ್ಚರ್ಯ ನಡೆಯಿತು. ಅಷ್ಟು ಉಪ್ಪೂ ಅವನ ಸೊಂಟದ ಮೇಲೆ ಕೂಸು ಕೂತ ಹಾಗೆ ಕೂತುಬಿಟ್ಟಿತು. ಲಾಯ್ಡ್ ಅಂಗಡಿಯಲ್ಲಿ ಒಂದು ಸುತ್ತು ಬಂದ. ಏಣಿ ಹತ್ತಿ ಇಳಿದ. ಮತ್ತೆ ಹತ್ತಿದ. ಮುಖ ಅರಳಿತು. ಇಂಥ ಚೀಲವೊಂದಿದ್ದರೆ ಎಲ್ಕ್ ತಾನಾಗಿಯೇ ಬಂದು ಒಳಗೆ ಕೂತೀತು ಎನ್ನಿಸಿತು.

"ಬಂದೂಕಿಗೂ ಪಕ್ಕದಲ್ಲಿ ಒಂದು ಜೇಬಿದೆ," ಎಂದಳು ರೊವೀನಾ. "ಎರಡೂ ಕೈ ಖಾಲಿ ಇರುತ್ತೆ."

ಲಾಯ್ಡ್ ದುಡ್ಡು ಕೊಡುತ್ತಿರುವಾಗ ಅವನ ಬೆನ್ನ ಹಿಂದೆ ಗಸ್ ಪಾಸ್ಟರರ ಮುಖ ನೋಡಿದ, ಪಾಸ್ಟರ್ ಗಸ್‌ನ ಮುಖ ನೋಡಿದರು. ಇಬ್ಬರೂ ಅವಸರವಸರವಾಗಿ ಕಾಫಿ ಮುಗಿಸಿ ಹೊರಟರು.

ಲಾಯ್ಡ್ ಕೆಟಲ್ ಹಳ್ಳದ ದಾರಿ ತಲಪುವಾಗ ಸೂರ್ಯ ಬಂದಾಗಿತ್ತು. ಗಾಡಿ ಅಲ್ಲಿಯವರೆಗೆ ಮಾತ್ರ. ಮುಂದೆ ಕಾಲೇ ಗತಿ. ನೆರಳು ಬಿದ್ದ ಮಗ್ಗುಲಲ್ಲಿ ತೆಳ್ಳಗೆ ಹಿಮ, ಬಿಸಿಲು ಬಿದ್ದ ಮಗ್ಗುಲಲ್ಲಿ ಒಣಹುಲ್ಲು. ಹೊಸ ಚೀಲ ಹೊಸ ಚಪ್ಪಲಿಯ ಹಾಗೆ ಹೆಜ್ಜೆಗೊಮ್ಮೆ ಕಿರ್ರ್ ಎನ್ನುತ್ತಿತ್ತು. ಅದೊಂದು ಬಿಟ್ಟರೆ ಸ್ವರ್ಗ. ಅವನಿಗೆ ಗೊತ್ತಿದ್ದ ಒಂದು ಜಾಗವಿತ್ತು, ಹಳ್ಳದ ತಲೆಯಲ್ಲಿ, ಬಿದ್ದ ಪೈನ್ ಮರದ ಹಿಂದೆ. ಅಲ್ಲಿಗೆ ಹೋಗಿ, ಚೀಲವಿಳಿಸಿ, ಬಂದೂಕು ಮಡಿಲಲ್ಲಿಟ್ಟು, ಬುತ್ತಿ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟ. ಢಂ ಎಂದು ಕೆಳಗೆಲ್ಲೋ ಸದ್ದಾಯಿತು. ತುತ್ತು ನುಂಗುವ ಮೊದಲೇ ಶಿಳ್ಳೆಯೂ ಕೇಳಿಸಿತು. ಆ ಶಿಳ್ಳೆ ಅವನಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಹುಲ್ಲು ಕೊಯ್ಯುವ ಯಂತ್ರ ಎರವಲು ಬೇಕಾದಾಗ ಗಸ್ ಬೇಲಿಯಾಚೆಯಿಂದ ಹಾಕುವ ಶಿಳ್ಳೆಯೇ ಅದು.

ಗಸ್ ಒಂದು ದೊಡ್ಡ ಗಂಡು ಎಲ್ಕಿನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ.

"ದೇವರೇ ಕಳಿಸಿದ ನೋಡು ನಿನ್ನನ್ನ," ಎಂದ.

"ನೀನು ಶಿಳ್ಳೆ ಹಾಕಿದ್ದಕ್ಕೆ ಬಂದೆ."

"ಮೊಣಕಾಲು ಕೈಕೊಟ್ಟಿದೆ ಮಾರಾಯ. ಇಳಿಜಾರಲ್ಲಿ ಭಾರ ಹೊತ್ರೆ ಮುಗೀತು. ಒಂದೇ ಒಂದು ತೊಡೆ ಕೆಳಗೆ ಮುಟ್ಟಿಸು ಸಾಕು. ಮಿಕ್ಕಿದ್ದನ್ನ ಹೇಗೋ ನೋಡ್ಕೋತೀನಿ. ನಿನ್ನ ಚೀಲಕ್ಕೆ ಅದೆಲ್ಲಾ ಯಾವ ಲೆಕ್ಕ."

ಲಾಯ್ಡ್ ಹಳ್ಳದ ತಲೆಯ ಕಡೆಗೊಮ್ಮೆ ನೋಡಿದ. ಆಮೇಲೆ ಚಾಕು ತೆಗೆದ. ಇಬ್ಬರೂ ಸೇರಿ ಚರ್ಮ ಸುಲಿದು, ತೊಡೆ ಬಿಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಚೌಕಟ್ಟಿಗೆ ಬಿಗಿದರು. ರೊವೀನಾ ಹೇಳಿದ್ದು ನಿಜ. ಎದ್ದು ನಿಂತಾಗ ಭಾರ ಸೊಂಟದ ಮೇಲೆ ಒಪ್ಪವಾಗಿ ಕೂತಿತು. ಅಷ್ಟು ಚೆನ್ನಾಗಿ ಕೂರದೇ ಇದ್ದಿದ್ದರೆ, ನರಳಿಯಾದರೂ ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು. ಈಗ ನರಳಲಿಕ್ಕೂ ಬಾಯಿಲ್ಲ.

ಗಾಡಿಯ ಹತ್ತಿರ ಇಳಿಸಿದಾಗ, ಬರಿಗೈ ಬೀಸಿಕೊಂಡು ಬಂದ ಗಸ್ ಹೇಳಿದ: "ಇದರಲ್ಲಿ ಅರ್ಧ ನಿನಗೆ. ಹೊತ್ತವನ ಪಾಲು."

ಮರ್ಯಾದೆ ಎನ್ನುವುದು ಕೆಟ್ಟದ್ದು. "ಬೇಡ ಬಿಡು ಗಸ್. ನನ್ನದು ಬರುತ್ತಲ್ಲ, ಅದನ್ನಿಡೋಕೇ ಫ್ರಿಜ್ಜಲ್ಲಿ ಜಾಗ ಸಾಲಲ್ಲ," ಎಂದ ಲಾಯ್ಡ್. ಹೇಳಿ ನಾಲಿಗೆ ಕಚ್ಚಿಕೊಂಡ. ಗಸ್ ಎರಡನೆಯ ಸಲ ಕೇಳಲಿಲ್ಲ.

ಮತ್ತೆ ಹತ್ತಿದ. ಅರ್ಧ ದಾರಿಯಲ್ಲಿ, ಬರ್ಚ್ ಮರಗಳ ನಡುವೆ ಕಿತ್ತಳೆ ಕುಂಬಳಕಾಯಿಯೊಂದು ಅಲ್ಲಾಡುವುದು ಕಂಡಿತು. ಲಾಯ್ಡ್ ಮರದ ಮರೆಗೆ ಸರಿದ. ಚೀಲ ಕಿರ್ರ್ ಎಂದಿತು.

"ಲಾಯ್ಡ್ ಅಲ್ವಾ ಅದು," ಎಂದಿತು ಕುಂಬಳಕಾಯಿ. "ಆ ಸದ್ದು ಕೇಳಿದ್ರೆ ಮನಸ್ಸಿಗೆ ಎಷ್ಟು ಸಮಾಧಾನ ಆಗುತ್ತೆ ಗೊತ್ತಾ."

ಪಾಸ್ಟರ್ ಎಂಗೆನ್ ಒಂದು ಹೆಣ್ಣು ಎಲ್ಕ್ ಹೊಡೆದಿದ್ದರು. ಹೊಡೆದದ್ದೇನೋ ಸರಿ, ಅದು ಬಿದ್ದದ್ದು ಮಾತ್ರ ಕೊರಕಲಿನ ಅಡಿಯಲ್ಲಿ, ನೆಲ್ಲಿಕಾಯಿ ಬಾವಿಗೆ ಬಿದ್ದ ಹಾಗೆ.

"ನಾನು ನಿಮಗೆ ಹೇಳ್ತಾ ಇಲ್ಲ, ಕೇಳ್ತಾನೂ ಇಲ್ಲ," ಎಂದರು ಪಾಸ್ಟರ್. "ಸುಮ್ಮನೆ ಪ್ರಾರ್ಥನೆ ಮಾಡ್ತಿದ್ದೆ, ನೀವು ಬಂದ್ರಿ."

ಲಾಯ್ಡ್ ಕೊರಕಲಿಗಿಳಿದ. ಹೆಣ್ಣಾದ್ದರಿಂದ ಸ್ವಲ್ಪ ಹಗುರ, ಅದಕ್ಕೇ ತೊಡೆಯ ಜೊತೆಗೆ ಒಂದು ಮುಂಗಾಲನ್ನೂ ಹೇರಿದರು. ಕೊರಕಲಿನಿಂದ ಮೇಲೆ ಬರುವಾಗ ಲಾಯ್ಡ್ ನಾಲ್ಕು ಕಾಲಿನಲ್ಲಿ ಹತ್ತಿದ. ಪಾಸ್ಟರ್ ಹಿಂದಿನಿಂದ ಚೀಲಕ್ಕೆ ಕೈಕೊಟ್ಟು ಮೇಲಕ್ಕೆ ತಳ್ಳುತ್ತಾ, ಉಸಿರು ಸಿಕ್ಕಿದಾಗಲೆಲ್ಲ ಅವನ ಸಜ್ಜನಿಕೆಯನ್ನು ಹೊಗಳುತ್ತಾ ಬಂದರು. ಗಾಡಿಯ ಹತ್ತಿರ ಅವರೂ ಪಾಲು ಕೊಡಲು ಬಂದರು. ದೇವರ ಸೇವಕನ ಮಾಂಸದಲ್ಲಿ ಪಾಲು ಇಸಿದುಕೊಳ್ಳುವುದೆಂದರೆ ಹುಂಡಿಗೆ ಕೈಹಾಕಿದಂತೆ. "ಬೇಡ ಪಾಸ್ಟರ್," ಎಂದ ಲಾಯ್ಡ್. ಈ ಸಲ ನಾಲಿಗೆಯನ್ನು ಮೊದಲೇ ಕಚ್ಚಿಕೊಂಡಿದ್ದ. ಆದರೂ ಮಾತು ಹೊರಬಿತ್ತು.

ಆ ಹೊತ್ತಿಗೆ ಸೂರ್ಯ ಪಡುವಣ ಬೆಟ್ಟದ ಕಡೆಗೆ ವಾಲಿದ್ದ. ಲಾಯ್ಡ್‌ನ ಬುತ್ತಿ ಮರದ ಹಿಂದೆಯೇ ಉಳಿದಿತ್ತು. ಹೋಗಿ ನೋಡಿದರೆ ಕಾಡುಕಾಗೆಗಳು ಅದನ್ನು ಮುಗಿಸಿ ಕಾಗದವನ್ನಷ್ಟೇ ಬಿಟ್ಟಿದ್ದವು. ಇನ್ನೂ ಬೆಳಕಿದೆ, ಸಂಜೆಯ ಮೇವಿಗೆ ಎಲ್ಕುಗಳು ಹೊರಬರುವ ಹೊತ್ತು ಇದೇ, ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಕೂತ. ಶಿಳ್ಳೆ ಕೇಳಿಸಿತು.

ಕೇಳಿಸದವನಂತೆ ಕೂತ. ಶಿಳ್ಳೆ ಹತ್ತಿರ ಬಂತು. ಜೊತೆಗೆ ಗಸ್ ಕೂಡ.

"ಕೊನೆಯದು," ಎಂದ ಗಸ್. "ಮಿಕ್ಕಿದ್ದನ್ನೆಲ್ಲಾ ಪಾಸ್ಟರು, ನಾನು ಸೇರಿ ಹೇಗೋ ಇಳಿಸ್ತಿದ್ದೀವಿ. ತಲೆ, ಕುತ್ತಿಗೆ, ಪಕ್ಕೆ ಮಾತ್ರ ಉಳಿದಿದೆ. ಕೊಂಬು ನೋಡಿದೀಯಲ್ಲ, ಗೋಡೆಗೆ ಹಾಕಿದ್ರೆ ಹೇಗಿರುತ್ತೆ ಹೇಳು. ನನ್ನ ಚೀಲದಲ್ಲಿ ಕೂರ್ತಾ ಇಲ್ಲ."

"ಗಸ್, ನಾನು ಬೆಳಿಗ್ಗೆಯಿಂದ ಬಂದೂಕನ್ನ ಕೈಯಲ್ಲೇ ಹಿಡಿದಿಲ್ಲ."

"ಅದಕ್ಕೇನಂತೆ, ಜೊತೆಗೇ ತಗೊಂಡು ಹೋಗು. ದಾರೀಲಿ ಏನಾದ್ರೂ ಸಿಕ್ಕಿದ್ರೆ ಹೊಡಿ."

ಮಾತಿನಲ್ಲಿ ನ್ಯಾಯವಿದ್ದ ಹಾಗೆ ಕಂಡಿತು. ಕುತ್ತಿಗೆ, ಪಕ್ಕೆಯ ಮಾಂಸ ಒಳಗೆ ಹೋಯಿತು. ಅದರ ಮೇಲೆ ತಲೆಯನ್ನು ಬೋರಲು ಹಾಕಿ, ಕೊಂಬು ಎರಡೂ ಕಡೆ ಚಾಚುವಂತೆ ಕಟ್ಟಿದರು. ಬೇರೆ ಬೇಟೆಗಾರರು ತಪ್ಪಾಗಿ ಗುಂಡು ಹಾರಿಸಬಾರದೆಂದು ಗಸ್ ತನ್ನ ಕಿತ್ತಳೆ ಅಂಗಿಯನ್ನು ಬಿಚ್ಚಿ ಕೊಂಬಿಗೆ ತೊಡಿಸಿದ. ಬಂದೂಕನ್ನು ಪಕ್ಕದ ಜೇಬಿಗೆ ಇಳಿಸಿ, ಅಲ್ಲಾಡದಂತೆ ಅದರ ಮೇಲೂ ಎರಡು ಪಟ್ಟಿ ಬಿಗಿದ. "ನೀನು ಮುಂದೆ ನಡೀತಿರು, ಚಾಕು ಎಲ್ಲೋ ಬಿಟ್ಟಿದೀನಿ, ಹುಡುಕ್ಕೊಂಡು ಬರ್ತೀನಿ," ಎಂದ.

ಕೊಂಬು ಹೊತ್ತ ಲಾಯ್ಡ್ ಗಿಡಗಂಟಿಗಳ ದಾರಿ ಬಿಟ್ಟು ಬಯಲಿನ ಅಂಚು ಹಿಡಿದ. ಒಂದು ದಿಬ್ಬ ಹತ್ತಿ ತಲೆಯೆತ್ತಿದರೆ, ಎದುರಿಗೆ, ಅವನ ಬಸ್ಸಿನ ಉದ್ದದಷ್ಟೂ ದೂರವಿಲ್ಲದಲ್ಲಿ, ಒಂದು ಗಂಡು ಎಲ್ಕ್ ನಿಂತಿತ್ತು.

ಗಸ್‌ನದಕ್ಕಿಂತ ದೊಡ್ಡದು. ಓಡುವುದು ಬಿಟ್ಟು ಅದು ಲಾಯ್ಡ್‌ನನ್ನೇ ನೋಡುತ್ತಿತ್ತು. ಕಿತ್ತಳೆ ಅಂಗಿ ತೊಟ್ಟ ಕೊಂಬಿನ, ಎರಡು ಕಾಲಿನ, ಹಸಿವಿನಿಂದ ಹೊಟ್ಟೆ ಗುರುಗುಡುವ ಈ ಬಂಧು ಯಾವ ಕಾಡಿನವನು ಎಂದು ಯೋಚಿಸುತ್ತಿರುವಂತಿತ್ತು.

ಲಾಯ್ಡ್ ನಿಧಾನವಾಗಿ ಬಲಗೈಯನ್ನು ಹಿಂದಕ್ಕೆ ಒಯ್ದ. ಬೆರಳಿಗೆ ಬಂದೂಕಿನ ಹಿಡಿ ತಾಗಿತು. ಎಳೆದ. ಬರಲಿಲ್ಲ. ಗಸ್‌ನ ಮೇಲೆ ಸಾವಿರ ದೂರಿದ್ದರೂ ಅವನು ಕಟ್ಟಿದ ಪಟ್ಟಿ ಸಡಿಲವಾಗಿತ್ತೆಂದು ಯಾರೂ ದೂರುವ ಹಾಗಿಲ್ಲ. ಸೊಂಟದ ಬಕಲ್ ಬಿಚ್ಚಿದರೆ ಚೀಲವನ್ನೇ ಕೆಳಗಿಳಿಸಬಹುದು ಎಂದು ಹೊಳೆಯಿತು. ಬಿಚ್ಚಿದ. ಸೊಂಟ ಹೊತ್ತಿದ್ದ ಭಾರವೆಲ್ಲ ಒಮ್ಮೆಗೇ ಹೆಗಲಿಗೆ ಬಂತು. ಹೆಗಲು ಹಿಂದಕ್ಕೆ ಹೋಯಿತು. ಹೆಗಲು ಹೋದಲ್ಲಿಗೆ ಲಾಯ್ಡ್‌ನೂ ಹೋಗಬೇಕಾಯಿತು. ದೊಪ್ಪನೆ ಅಂಗಾತ ಬಿದ್ದ. ಕೊಂಬುಗಳು ಮಣ್ಣಿನಲ್ಲಿ ಗೂಟದಂತೆ ನಾಟಿದವು. ಹೆಗಲಪಟ್ಟಿಯೊಳಗೆ ಎರಡೂ ತೋಳು ಸಿಕ್ಕಿಕೊಂಡು, ಮಗುಚಿಹಾಕಿದ ಆಮೆಯಂತೆ ಕೈಕಾಲು ಆಡಿಸಿದ.

ಎಲ್ಕ್ ಒಂದು ಹೆಜ್ಜೆ ಮುಂದೆ ಬಂದು, ಅವನನ್ನು ಚೆನ್ನಾಗಿ ಮೇಲಿನಿಂದ ನೋಡಿ, ಮೂಗಿನಿಂದ ಬಿಸಿಯುಸಿರು ಬಿಟ್ಟು, ಆತುರವೇನೂ ಇಲ್ಲದೆ ದಿಬ್ಬದಾಚೆ ಇಳಿದುಹೋಯಿತು.

ಲಾಯ್ಡ್ ಆಕಾಶ ನೋಡುತ್ತಾ ಮಲಗಿದ. ಎರಡು ವರ್ಷ, ಜೊತೆಗೆ ಒಂದು ದಿನ. ಅಳು ಬರುವಂತಿತ್ತು, ಆದರೆ ಮಲಗಿದ ಭಂಗಿಗೆ ಕಣ್ಣೀರು ಕಿವಿಯೊಳಗೆ ಹೋದೀತೆಂದು ತಡೆದುಕೊಂಡ. ಅಷ್ಟರಲ್ಲಿ ದಿಬ್ಬದಾಚೆಯಿಂದ ಢಂ ಎಂಬ ಸದ್ದು. ಒಂದೇ ಗುಂಡು.

ಯಾರಿಗೋ ಸಿಕ್ಕಿತು. ಯಾರಾದರೂ ಇರಲಿ, ಈ ಸಲ ಮಾತ್ರ ಆಗುವುದಿಲ್ಲ ಅನ್ನುತ್ತೇನೆ, ಎಂದು ಲಾಯ್ಡ್ ಶಪಥ ಮಾಡಿದ. ಗೌರ್ನರೇ ಬಂದು ಕೈಮುಗಿದರೂ ಅನ್ನುತ್ತೇನೆ. ಅಭ್ಯಾಸಕ್ಕೆಂದು ಒಂದು ಸಲ ಗಟ್ಟಿಯಾಗಿ ಅಂದೂ ನೋಡಿದ: "ಆಗೋದಿಲ್ಲ."

"ಏನು ಆಗೋದಿಲ್ಲ?" ಎಂದಿತು ಒಂದು ಧ್ವನಿ.

ದಿಬ್ಬದ ಮೇಲೆ, ಬೀಳುವ ಬಿಸಿಲಿಗೆ ಬೆನ್ನು ಕೊಟ್ಟು, ಕಿತ್ತಳೆ ಅಂಗಿ ತೊಟ್ಟ ಹೆಂಗಸೊಬ್ಬಳು ಬಂದೂಕು ಹಿಡಿದು ನಿಂತಿದ್ದಳು. ಲಾಯ್ಡ್ ತಲೆಕೆಳಗಾಗಿಯೇ ಅವಳನ್ನು ನೋಡಿದ. ಹೆಂಡತಿಯನ್ನು ಆ ಕೋನದಿಂದ ಅವನು ಎಂದೂ ನೋಡಿರಲಿಲ್ಲ, ಹಾಗಾಗಿ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾರ್ಲಿಸ್?"

"ಪೆಟ್ಟಾಯ್ತಾ?" ಅವಳು ಓಡಿಬಂದು ಮಂಡಿಯೂರಿ, ಅವನ ಕೆನ್ನೆ ಮುಟ್ಟಿ ನೋಡಿ, ತೋಳಿನ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದಳು. "ಎಲ್ಲಾದ್ರೂ ನೋವಿದೆಯಾ ಹೇಳು."

"ಮುರಬ್ಬ?" ಎಂದ ಲಾಯ್ಡ್.

"ಸುಳ್ಳು ಹೇಳಿದೆ ಕಣೋ, ತಪ್ಪಾಯ್ತು. ಮದುವೆಗೆ ಮುಂಚೆ ಅಪ್ಪನ ಜೊತೆ ಬರ್ತಿದ್ದೆನಲ್ಲ, ಈ ವರ್ಷ ನಾನೂ ಲೈಸೆನ್ಸ್ ತಗೊಂಡೆ. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನಿನಗೆ ಸಿಕ್ಕಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ, ಬಂದೂಕು ಅಮ್ಮನ ಮನೇಲಿಟ್ಟು ಬರ್ತಿದ್ದೆ." ಅವಳು ಅವನ ಕೂದಲಿನ ಹುಲ್ಲು ಕೊಡವಿದಳು. "ದೊಡ್ಡ ಗಂಡು, ಲಾಯ್ಡ್. ಸೀದಾ ನನ್ನೆದುರಿಗೇ ನಡ್ಕೊಂಡು ಬಂತು."

"ನೋಡಿದೀನಿ," ಎಂದ ಲಾಯ್ಡ್. "ಪರಿಚಯ ಆಗಿದೆ."

"ಎಲ್ಲಾ ನಿನ್ನಿಂದಲೇ. ಬೆಳಿಗ್ಗೆಯಿಂದ ಆ ಕಿರ್ರ್ ಕಿರ್ರ್ ಮಾಡ್ಕೊಂಡು ಕಣಿವೆಯಲ್ಲಿ ಮೇಲೆ ಕೆಳಗೆ ಓಡಾಡ್ತಿದ್ದೆಯಲ್ಲ, ಇದ್ದಬದ್ದ ಎಲ್ಕೆಲ್ಲಾ ದಿಬ್ಬ ಹತ್ತಿ ನಮ್ಮ ಕಡೆಗೇ ಬಂದ್ವು."

ಲಾಯ್ಡ್ ಎದ್ದು ಕೂತ. ಶಪಥ ನೆನಪಿತ್ತು. ಬಾಯಿ ತೆರೆದ. ಆದರೆ ಅವಳ ಕೆನ್ನೆ ಚಳಿಗೆ ಕೆಂಪಾಗಿತ್ತು, ಕಣ್ಣು ಶಾಲೆಯ ಹುಡುಗಿಯ ಕಣ್ಣಿನ ಹಾಗೆ ಮಿನುಗುತ್ತಿತ್ತು. ಅವಳು ಇಷ್ಟು ಸಂತೋಷವಾಗಿದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು. ಗಸ್‌ನ ತಲೆ, ಕೊಂಬು, ಪಕ್ಕೆ ಎಲ್ಲವನ್ನೂ ಬಿಚ್ಚಿ ದಾರಿಯ ಪಕ್ಕದ ಕಲ್ಲಿನ ಮೇಲಿಟ್ಟ. ಹುಡುಕಿಕೊಂಡು ಬರುವವನು ಬರಲಿ. ಖಾಲಿ ಚೀಲವನ್ನು ಬೆನ್ನಿಗೇರಿಸಿಕೊಂಡ.

"ನಡಿ, ಎಲ್ಲಿದೆ ತೋರ್ಸು," ಎಂದ. ಎರಡು ಹೆಜ್ಜೆ ನಡೆದವನು ಸರಕ್ಕನೆ ನಿಂತ. "ನಮ್ಮ ಕಡೆಗೆ ಅಂದ್ಯಲ್ಲ. ನಮ್ಮ ಅಂದ್ರೆ?"

ಉತ್ತರ ಅವಳು ಕೊಡಬೇಕಾಗಲಿಲ್ಲ. ಎದುರಿನ ಬೆಟ್ಟದ ಮೇಲೆ, ಕಡಿದಾದ ಬಂಡೆಗಳಿಗಿಂತಲೂ ಮೇಲೆ, ಢಂ ಎಂದು ಇನ್ನೊಂದು ಗುಂಡು ಹಾರಿತು.

"ಅಮ್ಮ," ಎಂದಳು ಮಾರ್ಲಿಸ್. "ಅವಳ ಗುರಿ ತಪ್ಪಲ್ಲ."

"ನಾನು ಇಲ್ಲಿದ್ದೀನಿ ಅಂತ ಅವರಿಗೆ ಗೊತ್ತಾ?"

"ದುರ್ಬೀನು ಇಟ್ಕೊಂಡು ಬೆಳಿಗ್ಗೆಯಿಂದ ನಿನ್ನನ್ನೇ ನೋಡ್ತಿದ್ದಾಳೆ. ಪಾಪ, ಎಷ್ಟು ಚೆನ್ನಾಗಿ ಹೊರ್ತಾನೆ ನೋಡು ಅಂತ ಒಂದೇ ಸಮನೆ ಹೊಗಳ್ತಿದ್ಲು."

ಲಾಯ್ಡ್ ಚೀಲದ ಸೊಂಟದ ಪಟ್ಟಿಯನ್ನು ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತ. ಬಹುಶಃ ಕರೆಯಲಾರರು. ಬಹುಶಃ ಗಾಳಿ ಎದುರಿಗಿದೆ, ಕರೆದರೂ ಕೇಳಿಸದು. ಆಗ ಬೆಟ್ಟದ ತುದಿಯಿಂದ, ವಯಸ್ಸಾಗಿದ್ದರೂ ಒಂದಿಷ್ಟೂ ನಡುಗದ ಧ್ವನಿಯೊಂದು ಹೊರಟು, ಕಣಿವೆಯ ನಾಲ್ಕೂ ಗುಡ್ಡಗಳಿಗೆ ಬಡಿದು, ನಾಲ್ಕು ಕಡೆಯಿಂದಲೂ ತಿರುಗಿ ಬಂತು:

"ಅಳಿಯಾ..."